ಅಣ್ಣಪ್ಪನವರ ತಪ್ಪಿಲ್ಲದ ಕನ್ನಡ

ಎರ್ನಾಕುಲಂನ ಒಂದು ಕೇಂದ್ರ ಸರ್ಕಾರಿ ಕಚೇರಿಯ ತರಬೇತಿ ವಿಭಾಗದಲ್ಲಿ ಅಣ್ಣಪ್ಪ ಹುಲಗೂರ ಎಂಬವರಿದ್ದಾರೆ. ಹಾವೇರಿ ಕಡೆಯವರು, ವಯಸ್ಸು ನಲವತ್ತೊಂಬತ್ತು, ಈ ಊರಿಗೆ ಬಂದು ಹದಿನಾಲ್ಕು ವರ್ಷ. ಹೊಸದಾಗಿ ಸೇರಿದ ಗುಮಾಸ್ತರಿಗೆ ಕಡತದಲ್ಲಿ ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆಯುವುದನ್ನು ಕಲಿಸುವುದು ಅವರ ಕೆಲಸ. ಕಲಿಸುವುದು ಎನ್ನುವುದಕ್ಕಿಂತ, ಹುಡುಗರು ಬರೆದು ತಂದದ್ದನ್ನು ಕೆಂಪು ಪೆನ್ನಿನಿಂದ ಕೊಚ್ಚುವುದು ಎಂದರೆ ಸರಿಯಾದೀತು. ಅವರ ಕೈಯಲ್ಲಿ ಪಳಗಿದ ಗುಮಾಸ್ತರು ಕೇರಳದ ಉದ್ದಗಲಕ್ಕೂ ಇದ್ದಾರೆ. ಅವರೆಲ್ಲ ಒಂದು ವಾಕ್ಯವನ್ನು ಮಾತ್ರ ಅಚ್ಚುಕಟ್ಟಾಗಿ ಬರೆಯುತ್ತಾರೆ: 'ಆದೇಶಕ್ಕಾಗಿ ಮಂಡಿಸಿದೆ.' ಅದಕ್ಕಿಂತ ಹೆಚ್ಚು ಬರೆದರೆ ತಪ್ಪು ಸಿಗುತ್ತದೆ ಎಂಬುದು ಅವರಿಗೆ ಮೊದಲ ವಾರದಲ್ಲೇ ತಿಳಿದುಹೋಗಿರುತ್ತದೆ. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಅಣ್ಣಪ್ಪನವರ ಮೇಲೆ ಒಂದು ಆಕ್ಷೇಪಣೆಯೂ ಬಂದಿಲ್ಲ. ಒಂದು ಮೆಚ್ಚುಗೆಯೂ ಬಂದಿಲ್ಲ, ಆದರೆ ಅದನ್ನು ಅವರು ಕೊರತೆಯೆಂದು ತಿಳಿದವರಲ್ಲ.

ಇಂಥ ನಿಶ್ಚಿಂತ ಮನುಷ್ಯನಿಗೆ ಇದ್ದದ್ದು ಒಂದೇ ಸಂಕಟ. ಮಗಳು ತನ್ವಿ ಅವರೊಡನೆ ಕನ್ನಡ ಮಾತಾಡುವುದಿಲ್ಲ. ಹನ್ನೊಂದು ವರ್ಷದ ಹುಡುಗಿ, ಹೇಳಿದ್ದೆಲ್ಲ ಅರ್ಥವಾಗುತ್ತದೆ. ಅಪ್ಪ ಕನ್ನಡದಲ್ಲಿ ಕೇಳಿದರೆ ಉತ್ತರ ಮಲಯಾಳಂನಲ್ಲಿ ಬರುತ್ತದೆ, ಸಿಟ್ಟಿದ್ದರೆ ಇಂಗ್ಲಿಷಿನಲ್ಲಿ. ನಾಲ್ಕು ವರ್ಷದವಳಿದ್ದಾಗ ಅರಳು ಹುರಿದಂತೆ ಕನ್ನಡ ಮಾತಾಡುತ್ತಿದ್ದಳು. ಎರಡನೇ ತರಗತಿಯ ಹೊತ್ತಿಗೆ ಅದು ನಿಂತುಹೋಯಿತು. ಏಕೆ ನಿಂತಿತೆಂದು ಅಣ್ಣಪ್ಪನವರು ಆಳವಾಗಿ ಯೋಚಿಸಿ, ಶಾಲೆಯ ಮೇಲೆ, ಟಿವಿಯ ಮೇಲೆ, ಅಕ್ಕಪಕ್ಕದ ಫ್ಲ್ಯಾಟಿನವರ ಮೇಲೆ, ಕೊನೆಗೆ ಇಡೀ ಕೇರಳ ರಾಜ್ಯದ ಮೇಲೆ ತಪ್ಪು ಹೊರಿಸಿ ಮುಗಿಸಿದ್ದರು. ತನಿಖೆಯ ವ್ಯಾಪ್ತಿಯಿಂದ ಬಿಟ್ಟುಹೋದವರು ಅವರೊಬ್ಬರೇ.

ಮಗಳ ನೆಪದಲ್ಲೇ ಅವರು ಕನ್ನಡ ಸಂಘದ ಭಾನುವಾರದ ತರಗತಿಯನ್ನು ಕೈಗೆತ್ತಿಕೊಂಡಿದ್ದರು. ಒಂದು ಹೋಟೆಲಿನ ಮಾಳಿಗೆ ಮೇಲೆ ಸಂಘದ ಕೋಣೆ. ಎಂಟು ಮಕ್ಕಳು. ಇಬ್ಬರು ಅಂಬಲಮುಗಳ್‌ನಿಂದ, ಅಪ್ಪಂದಿರು ರಿಫೈನರಿಯಲ್ಲಿರುವವರು. ಒಬ್ಬಳು ಮಟ್ಟಾಂಚೇರಿಯ ಜುಬೈದಾ, ಭಟ್ಕಳದಿಂದ ಬಂದು ಏಲಕ್ಕಿ ಮೆಣಸಿನ ವ್ಯಾಪಾರಕ್ಕೆ ನಿಂತ ಮನೆಯವಳು. ತನ್ವಿಯನ್ನು ಬಿಟ್ಟರೆ ಮಿಕ್ಕವರು ಬ್ಯಾಂಕಿನವರ ಮಕ್ಕಳು. ನಾಲ್ಕು ವರ್ಷದಿಂದ ಇವರು ಅಆಇಈ ತಿದ್ದುತ್ತಿದ್ದರು. ತಿದ್ದಿ ತಿದ್ದಿ ಅಕ್ಷರ ಮುತ್ತಿನಂತಾಗಿತ್ತು, ಬಾಯಿಂದ ಮಾತ್ರ ಒಂದು ಮುತ್ತೂ ಉದುರುತ್ತಿರಲಿಲ್ಲ. ಕೆಳಗಿನಿಂದ ಬರುವ ಉದ್ದಿನ ವಡೆಯ ವಾಸನೆ ಇಲ್ಲದಿದ್ದರೆ ಆ ಮಕ್ಕಳು ಅಷ್ಟು ದಿನವೂ ಬರುತ್ತಿದ್ದರೋ ಇಲ್ಲವೋ.

ಈ ಮಧ್ಯೆ ಕಚೇರಿಯವರು ಅಣ್ಣಪ್ಪನವರನ್ನು ಒಂದು ಆನ್‌ಲೈನ್ ಉಪನ್ಯಾಸಕ್ಕೆ ಕೂರಿಸಿದರು. ಮಕ್ಕಳು ಪಾತ್ರ ವಹಿಸಿ ಆಡುವ ವಿಡಿಯೊ ಗೇಮಿನಿಂದ ಭಾಷೆ ತಾನಾಗಿ ಬರುತ್ತದೆ ಎಂದು ಅಲ್ಲಿ ಯಾರೋ ಒಂದು ಗಂಟೆ ಹೇಳಿದರು. ಅಣ್ಣಪ್ಪನವರು ಹನ್ನೆರಡು ಪುಟ ಬರೆದುಕೊಂಡರು. ಆ ವಾರವೇ ಸಂಘದ ಅಧ್ಯಕ್ಷೆ ವಿಜಯಾ ಅವರ ಮುಂದೆ ಒಂದು ಪ್ರಸ್ತಾವನೆ ಇಟ್ಟರು. ನವೆಂಬರಿನಲ್ಲಿ ತಿರುವನಂತಪುರದಲ್ಲಿ ಕೇರಳದ ಕನ್ನಡ ಸಂಘಗಳ ಕೂಟ ಇತ್ತು. ಹೋದ ಸಲ ಎರ್ನಾಕುಲಂ ಮಕ್ಕಳು ನಾಡಗೀತೆಯ ಎರಡನೇ ಚರಣದಲ್ಲಿ ಸಿಕ್ಕಿಬಿದ್ದು ತಲೆ ತಗ್ಗಿಸುವಂತಾಗಿತ್ತು. ವಿಜಯಾ ಅವರು ಹೊಸದು ಏನಿದ್ದರೂ ಸರಿ ಎಂದು ಒಪ್ಪಿದರು.

ಆಟ ಮಾಡಿಕೊಟ್ಟವನು ಇರ್ಫಾನ್. ದಾವಣಗೆರೆಯ ಹುಡುಗ, ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ ಕೆಲಸ, ಇಪ್ಪತ್ತೇಳು ವರ್ಷ, ಆಟವೆಂದರೆ ಪ್ರಾಣ. ಮೂರು ವಾರ ಕೂತು ಒಂದು ರಾಜ್ಯವನ್ನೇ ಕಟ್ಟಿದ. ಆ ರಾಜ್ಯದ ರಾಣಿಗೆ ನಿದ್ದೆ ಬರುವುದಿಲ್ಲ. ಬೆಟ್ಟದಾಚೆಯ ಬೇರು ತಂದು ಕೊಟ್ಟರೆ ಬರುತ್ತದೆ. ಮಕ್ಕಳು ಒಬ್ಬೊಬ್ಬರು ಒಂದೊಂದು ಪಾತ್ರ ಆರಿಸಿಕೊಳ್ಳಬೇಕು. ಗೋಡೆಯ ಮೇಲೆ ರಾಜ್ಯ ಕಾಣುತ್ತದೆ, ಕೈಯಲ್ಲಿರುವ ಫೋನಿನಿಂದ ತಂತಮ್ಮ ಪಾತ್ರವನ್ನು ನಡೆಸಬೇಕು. ದಾರಿಯುದ್ದಕ್ಕೂ ಕೋಟೆಯ ಕಾವಲುಗಾರ, ಸಂತೆಯ ಮುದುಕಿ, ದೋಣಿಯವಳು ಹೀಗೆ ಜನ ಸಿಗುತ್ತಾರೆ. ಅವರು ಕನ್ನಡ ಬಿಟ್ಟರೆ ಬೇರೆ ಯಾವ ಭಾಷೆಗೂ ಕಿವಿಗೊಡುವುದಿಲ್ಲ. ಅಷ್ಟೂ ಜನರ ಬಾಯಿ ಕಂಪ್ಯೂಟರಿನ ಹಿಂದೆ ಕುಳಿತ ಇರ್ಫಾನ್. ಮಾತು ಅಡ್ಡಾದಿಡ್ಡಿ ಇದ್ದರೂ ಚಿಂತೆಯಿಲ್ಲ, ಎದುರಿನವನಿಗೆ ಅರ್ಥವಾದರೆ ಬಾಗಿಲು ತೆರೆಯುತ್ತದೆ. ಅವನ ನಿಯಮ ಇದೊಂದೇ.

ಮೊದಲ ಭಾನುವಾರ ಆ ಮಾಳಿಗೆ ಹಾರಿಹೋಗುವುದೊಂದು ಬಾಕಿ. ಕೌಶಿಕ್ ಎಂಬ ಹುಡುಗ ಕತ್ತಿವೀರನಾದ, ಜುಬೈದಾ ಕಳ್ಳಿಯಾದಳು, ತನ್ವಿ ವೈದ್ಯೆಯಾದಳು. ಕೋಟೆಯ ಬಾಗಿಲಲ್ಲಿ ಕಾವಲುಗಾರ ತಡೆದಾಗ ತನ್ವಿ ಎದ್ದು ನಿಂತು ಗೋಡೆಯ ಜೊತೆ ಜಗಳಕ್ಕಿಳಿದಳು. ಒಳಗೆ ತನ್ನ ಅಜ್ಜಿ ಇದ್ದಾಳೆ, ಅವಳಿಗೆ ಪನಿ ಬಂದಿದೆ, ಔಷಧ ಕೊಡದಿದ್ದರೆ ಸತ್ತುಹೋಗುತ್ತಾಳೆ, ಅವಳು ಸತ್ತರೆ ಅವಳ ಆಡು ಮೇಯಿಸುವವರಿಲ್ಲ, ಆಡು ನಿನ್ನ ಮನೆಯ ತೋಟಕ್ಕೇ ಬರುತ್ತದೆ, ನೋಡಿಕೋ ಎಂದಳು. ಅಷ್ಟನ್ನೂ ಕನ್ನಡದಲ್ಲಿ ಎಂದಳು. ಇರ್ಫಾನ್ ನಗು ತಡೆಯಲಾಗದೆ ಬಾಗಿಲು ತೆರೆದ. ಮಕ್ಕಳು ಹೋ ಎಂದು ಕೂಗಿದರು. ಕೆಳಗಿನ ಹೋಟೆಲಿನವರು ಏನಾಯಿತೆಂದು ಹತ್ತಿ ಬಂದರು.

ಅಣ್ಣಪ್ಪನವರು ಮೂಲೆಯ ಕುರ್ಚಿಯಲ್ಲಿದ್ದರು. ನಾಲ್ಕು ವರ್ಷದಿಂದ ಯಾವುದಕ್ಕಾಗಿ ಬಾಯಿ ಬಾಯಿ ಬಿಡುತ್ತಿದ್ದರೋ ಅದು ಕಣ್ಣೆದುರು ನಡೆಯುತ್ತಿತ್ತು. ಬೇರೆ ಯಾವ ತಂದೆಯಾದರೂ ಎದ್ದು ಕುಣಿಯುತ್ತಿದ್ದ. ಇವರು ರಿಜಿಸ್ಟರ್ ತೆರೆದು ತಪ್ಪು ಎಣಿಸುತ್ತಿದ್ದರು. ಪನಿ ಎಂದರೆ ಮಲಯಾಳಂನ ಜ್ವರ, ಅದು ಒಂದು. ಆಡು 'ಬರ್ತಾರ' ಎಂದು ಮನುಷ್ಯರ ಬಹುವಚನ, ಅದು ಎರಡು. ಆ ದಿನ ಎಂಟು ಮಕ್ಕಳಿಂದ ಒಟ್ಟು ನೂರ ನಲವತ್ತಮೂರು ತಪ್ಪು ಸಿಕ್ಕಿದವು. ಇಲ್ಲದ ಅಜ್ಜಿಯೊಬ್ಬಳನ್ನು ತನ್ವಿ, ಅವಳ ಆಡುಗಳ ಸಮೇತ, ನಿಂತ ಕಾಲಲ್ಲಿ ಹುಟ್ಟಿಸಿದ್ದಳು. ಅದನ್ನು ಬರೆಯಲು ರಿಜಿಸ್ಟರಿನಲ್ಲಿ ಅಂಕಣವಿರಲಿಲ್ಲ.

ಮನೆಗೆ ಹೋಗುವಾಗ ಮೆಟ್ರೊದಲ್ಲಿ ಮಗಳಿಗೆ ಆ ಪಟ್ಟಿಯನ್ನು ಓದಿ ಹೇಳಿದರು. ಅವಳು ಕಿಟಕಿಯಾಚೆ ನೋಡುತ್ತ ಕೇಳಿಸಿಕೊಂಡಳು.

ಎರಡನೇ ಭಾನುವಾರದಿಂದ ಆಟಕ್ಕೆ ಅಣ್ಣಪ್ಪನವರ ತಿದ್ದುಪಡಿ ಜಾರಿಗೆ ಬಂತು. ಪ್ರತಿಯೊಬ್ಬರಿಗೂ ಮೂರು ಪ್ರಾಣ. ಮಾತಿನಲ್ಲಿ ಒಂದು ತಪ್ಪಾದರೆ ಒಂದು ಪ್ರಾಣ ಹೋಯಿತು. ಮೂರೂ ಹೋದವರು ಮೆಟ್ಟಿಲ ಪಕ್ಕದ ಬೆಂಚಿನ ಮೇಲೆ ಹೋಗಿ ಕೂರಬೇಕು. ಇರ್ಫಾನನಿಗೆ ಇದು ಹಿಡಿಸಲಿಲ್ಲ.

"ಸಾರ್, ಮಾತಾಡಿದ್ದಕ್ಕೂ ಏನಾದ್ರೂ ಕೊಡ್ರಿ. ಬರೀ ಕಿತ್ಕೊಂಡ್ರೆ ಯಾವ ಆಟನೂ ನಿಲ್ಲಲ್ಲ," ಎಂದ.

"ತಾಯಿ ಭಾಷಿ ಮಾತಾಡಾಕ ಬಕ್ಷೀಸ ಕೊಡಬೇಕೇನಪಾ?" ಎಂದರು ಅಣ್ಣಪ್ಪನವರು. ಹುಡುಗ ಕಂಪ್ಯೂಟರಿನತ್ತ ತಿರುಗಿ ಮೂರು ಪ್ರಾಣದ ಲೆಕ್ಕ ಸೇರಿಸಿದ. ಸಂಘದ ಹಿರಿಯರಿಗೆ ಎದುರಾಡುವುದು ಅವನಿಗೆ ಬಂದ ವಿದ್ಯೆಯಲ್ಲ.

ಆ ದಿನ ಸಂತೆಯ ಮುದುಕಿಯೊಡನೆ ತನ್ವಿ ಮತ್ತೆ ಹೊಸ ಕಥೆ ಹೂಡಿದಳು. ಕಥೆ ಎರಡನೇ ವಾಕ್ಯ ದಾಟುವಷ್ಟರಲ್ಲಿ ಅವಳ ಮೂರೂ ಪ್ರಾಣ ಹಾರಿಹೋದವು. ಮಗಳೆಂದು ಅಣ್ಣಪ್ಪನವರು ರಿಯಾಯಿತಿ ತೋರಿಸಲಿಲ್ಲ, ಆ ನಿಷ್ಪಕ್ಷಪಾತವನ್ನು ಉಳಿದ ಪೋಷಕರಿಗೆ ಎರಡು ಸಲ ಹೇಳಿಯೂ ಹೇಳಿದರು. ಅವಳು ಉಳಿದ ಒಂದು ಗಂಟೆ ಬೆಂಚಿನ ಮೇಲೆ ಕಾಲು ಆಡಿಸುತ್ತ ಕೂತಿದ್ದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಮಕ್ಕಳು ದಡ್ಡರಲ್ಲ. ಆಟ ಗೆಲ್ಲಲು ಏನು ಬೇಕೆಂದು ದೊಡ್ಡವರು ಬಾಯಲ್ಲಿ ಏನೇ ಹೇಳಲಿ, ನಿಯಮ ಏನು ಹೇಳುತ್ತದೆ ಎಂದು ಅವರು ಹದಿನೈದು ದಿನದಲ್ಲಿ ಕಂಡುಕೊಳ್ಳುತ್ತಾರೆ. ಬೆಟ್ಟದ ಬದಿಗೆ ಇರ್ಫಾನ್ ಅಂದಕ್ಕೆಂದು ಒಂದು ಕಾಡು ಬೆಳೆಸಿದ್ದ. ಅಲ್ಲಿ ತೋಳಗಳಿದ್ದವು, ಮನುಷ್ಯರಿರಲಿಲ್ಲ. ತೋಳ ಕಚ್ಚಲು ಬಂದರೆ ಓಡಿ ತಪ್ಪಿಸಿಕೊಳ್ಳಬಹುದು, ತೋಳದೊಡನೆ ವ್ಯಾಕರಣದ ತೊಂದರೆಯಿಲ್ಲ. ಕೌಶಿಕ್ ಅದರ ನಕ್ಷೆ ಬರೆದ. ಕೋಟೆಯನ್ನು ಬಳಸಿ, ಸಂತೆಯನ್ನು ತಪ್ಪಿಸಿ, ದೋಣಿಯ ಬದಲು ಹೊಳೆಯನ್ನು ಈಜಿ, ಇಡೀ ರಾಜ್ಯದಲ್ಲಿ ಒಬ್ಬರನ್ನೂ ಮಾತಾಡಿಸದೆ ಬೇರು ತರುವ ದಾರಿ ಅದು. ಎಂಟೂ ಜನ ಅದನ್ನೇ ಹಿಡಿದರು. ಅಕ್ಟೋಬರಿನ ಹೊತ್ತಿಗೆ ತರಗತಿಯಲ್ಲಿ ಫೋನಿನ ಗುಂಡಿಯ ಸದ್ದು ಬಿಟ್ಟರೆ ಫ್ಯಾನಿನ ಸದ್ದು.

ರಿಜಿಸ್ಟರಿನಲ್ಲಿ ಮಾತ್ರ ಹಬ್ಬ. ನೂರ ನಲವತ್ತಮೂರು ಇದ್ದ ತಪ್ಪು ಅರವತ್ತೊಂದಾಯಿತು, ಹದಿನೆಂಟಾಯಿತು, ನಾಲ್ಕಾಯಿತು, ಕೊನೆಗೆ ಸೊನ್ನೆಗೆ ಬಂತು. ಅಣ್ಣಪ್ಪನವರು ಅದರ ಗ್ರಾಫ್ ಬರೆದು ಸಂಘದ ವಾಟ್ಸಾಪಿಗೆ ಹಾಕಿದರು. ಹದಿನಾರು ಜನ ಕೈ ಮುಗಿಯುವ ಚಿಹ್ನೆ ಕಳಿಸಿದರು. ಮನೆಯಲ್ಲಿ ಹೆಂಡತಿ ಪಂಕಜಾ ಮಾತ್ರ ದೋಸೆ ಮಗುಚುತ್ತ, "ತಪ್ಪ ಕಡಿಮಿ ಆದೂವು, ಖರೆ. ಮಾತು ಎಷ್ಟ ಆದೂವು, ಅದನ್ನ ಎಣಿಸೀರೇನ?" ಎಂದು ಕೇಳಿದರು. ಅದು ಮುಂದಿನ ಹಂತ ಎಂದರು ಅಣ್ಣಪ್ಪನವರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಗಂಡನ ಜೊತೆ ಹದಿನಾರು ವರ್ಷ ಬಾಳಿದ ಪಂಕಜಾ ಇನ್ನೊಂದು ದೋಸೆ ಹುಯ್ದರು.

ನವೆಂಬರಿನ ಎರಡನೇ ಶನಿವಾರ ಎಲ್ಲರೂ ಬೆಳಗಿನ ರೈಲು ಹತ್ತಿ ತಿರುವನಂತಪುರಕ್ಕೆ ಹೋದರು. ಸಭಾಂಗಣದಲ್ಲಿ ಇನ್ನೂರು ಜನ, ಕೆಂಪು ಹಳದಿ ಬಣ್ಣದ ಬಟ್ಟೆ ಕಟ್ಟಿದ ವೇದಿಕೆ, ವೇದಿಕೆಯ ಮೇಲೆ ನಿವೃತ್ತರಾದ ಮೂವರು ತೀರ್ಪುಗಾರರು. ಮಕ್ಕಳ ವಿಭಾಗಕ್ಕೆ ಒಂದು ಫಲಕ ಇತ್ತು, 'ತಪ್ಪಿಲ್ಲದ ಕನ್ನಡ' ಎಂದು ಅದರ ಹೆಸರು. ತಪ್ಪುಗಳನ್ನು ಎಣಿಸಿ, ಕಡಿಮೆ ಇದ್ದವರಿಗೆ ಕೊಡಬೇಕು. ಹೋದ ವರ್ಷ ಕೂಟದ ಸಮಿತಿಯಲ್ಲಿ ನಿಯಮ ಬರೆಯಲು ಯಾರೂ ಮುಂದೆ ಬರದಿದ್ದಾಗ ಆ ನಿಯಮ ಬರೆದುಕೊಟ್ಟವರು ಅಣ್ಣಪ್ಪನವರೇ.

ತಿರುವನಂತಪುರದ ಮಕ್ಕಳು ಮೊದಲು ಬಂದರು. ತಾವೇ ಕಟ್ಟಿದ ಒಂದು ಪ್ರಹಸನ, ಮೀನು ಮಾರುಕಟ್ಟೆಯಲ್ಲಿ ಕಳೆದುಹೋದ ಒಬ್ಬ ಮೈಸೂರಿನ ಮಾವನ ಕಥೆ. ಕನ್ನಡ ಮಲಯಾಳಂ ಕಲಸುಮೇಲೋಗರ, ಮಾವನ ಪಾತ್ರದ ಹುಡುಗಿಗೆ ಪಂಚೆ ಜಾರುತ್ತಿತ್ತು, ಜನ ಹೊಟ್ಟೆ ಹಿಡಿದು ನಕ್ಕರು. ತೀರ್ಪುಗಾರರು ನಗುತ್ತಲೇ ಗೀಟು ಹಾಕಿದರು. ತಪ್ಪು ಮೂವತ್ತೇಳು.

ಆಮೇಲೆ ಎರ್ನಾಕುಲಂ. ಪರದೆಯ ಮೇಲೆ ರಾಜ್ಯ ಬಂತು. ಅಣ್ಣಪ್ಪನವರು ಮೈಕಿನಲ್ಲಿ, ಇದು ಆಟದ ಮೂಲಕ ಮಾತೃಭಾಷಾ ಕಲಿಕೆಯ ನವೀನ ಪ್ರಯೋಗ ಎಂದು ಆರು ನಿಮಿಷ ವಿವರಿಸಿದರು. ಎಂಟು ಮಕ್ಕಳು ಸಾಲಾಗಿ ಕುಳಿತು ಫೋನಿಗೆ ತಲೆ ಬಗ್ಗಿಸಿದರು. ವೈದ್ಯೆ, ಕಳ್ಳಿ, ಕತ್ತಿವೀರ ಎಲ್ಲರೂ ಕೋಟೆಗೆ ಬೆನ್ನು ಮಾಡಿ ಕಾಡಿನೊಳಗೆ ನುಸುಳಿದರು. ತೋಳ ಊಳಿಟ್ಟಿತು. ಹೊಳೆಯ ಸದ್ದು ಬಂತು. ದಡದಲ್ಲಿ ದೋಣಿಯವಳು ಕೈ ಬೀಸಿ ಬೀಸಿ ಕರೆದಳು, ಎಂಟೂ ಜನ ಅವಳ ಮುಖ ನೋಡದೆ ಈಜಿ ದಾಟಿದರು. ಹದಿನೈದು ನಿಮಿಷ ಸಭೆಯಲ್ಲಿ ಒಂದು ಕನ್ನಡ ಶಬ್ದವೂ ಬೀಳಲಿಲ್ಲ. ಮುಂದಿನ ಸಾಲಿನಲ್ಲಿ ವಿಜಯಾ ಅವರು ಕಾರ್ಯಕ್ರಮದ ಹಾಳೆಯಿಂದ ಮುಖ ಮುಚ್ಚಿಕೊಂಡರು. ಬದಿಯಲ್ಲಿ ನಿಂತ ಅಣ್ಣಪ್ಪನವರು ಬೆವರಿದರು. ಯಾರಾದರೂ ಒಬ್ಬರು ಬಾಯಿ ಬಿಡಲಿ ಎಂದು ದೇವರಿಗೆ ಹರಕೆ ಹೊತ್ತರು. ಅವರ ಕಣ್ಣು ತನ್ವಿಯ ಮೇಲಿತ್ತು. ಅವಳು ಒಮ್ಮೆ ತಲೆಯೆತ್ತಿ ಅಪ್ಪನನ್ನು ನೋಡಿದಳು, ತುಟಿ ಇನ್ನೂ ಬಿಗಿ ಮಾಡಿದಳು. ಬೇರು ಸಿಕ್ಕಿತು, ರಾಣಿ ಮಲಗಿದಳು. ಸಭೆಯಲ್ಲಿಯೂ ಕೆಲವರು ಆ ಹೊತ್ತಿಗೆ ತೂಕಡಿಸಿದ್ದರು.

ತೀರ್ಪುಗಾರರು ತಲೆಗೆ ತಲೆ ಕೊಟ್ಟು ಬಹಳ ಹೊತ್ತು ಮಾತಾಡಿಕೊಂಡರು. ನಿಯಮದ ಹಾಳೆಯನ್ನು ಹಿಂದೆ ಮುಂದೆ ತಿರುವಿ ನೋಡಿದರು. ತಪ್ಪು ಸೊನ್ನೆ. ಮಾತಾಡಲೇಬೇಕು ಎಂದು ಎಲ್ಲಿಯೂ ಬರೆದಿರಲಿಲ್ಲ. ಫಲಕ ಎರ್ನಾಕುಲಂಗೆ ಬಂತು. ಮುಖ್ಯ ಅತಿಥಿಗಳು, ಮಾತು ಬೆಳ್ಳಿ ಮೌನ ಬಂಗಾರ ಎಂಬ ಗಾದೆಯನ್ನು ಈ ಮಕ್ಕಳು ಸಾಕ್ಷಾತ್ಕರಿಸಿದ್ದಾರೆ ಎಂದು ನಲವತ್ತು ನಿಮಿಷ ಮಾತಾಡಿದರು. ಮೂವತ್ತೇಳು ತಪ್ಪು ಮಾಡಿ ಸಭೆಯನ್ನು ನಗಿಸಿದ ಮಕ್ಕಳು ಎರಡನೇ ಬಹುಮಾನದ ಪೆನ್ಸಿಲ್ ಡಬ್ಬಿ ಹಿಡಿದು ಕೆಳಗಿಳಿದರು.

ಊಟದ ಹೊತ್ತಿಗೆ ಅಣ್ಣಪ್ಪನವರ ಬೆವರು ಆರಿತ್ತು. ಹತ್ತು ಜನ ಕೈ ಕುಲುಕಿದ ಮೇಲೆ ಮನುಷ್ಯ ತಾನು ಗೆದ್ದೆನೆಂದೇ ನಂಬುತ್ತಾನೆ. ಸಂಜೆಯ ರೈಲಿನಲ್ಲಿ ಫಲಕವನ್ನು ತೊಡೆಯ ಮೇಲಿಟ್ಟುಕೊಂಡು, ಶಿಸ್ತಿನ ಕಲಿಕೆ ಎಂಬ ವರದಿಗೆ ಮೊದಲ ವಾಕ್ಯ ಯೋಚಿಸುತ್ತಿದ್ದರು. ಕೊಲ್ಲಂ ದಾಟಿದ ಮೇಲೆ ಕೈ ತೊಳೆಯಲು ಎದ್ದರು. ಹಿಂದಿರುಗಿ ಬರುವಾಗ ತಮ್ಮ ಬೋಗಿಯ ಕೊನೆಯ ಸಾಲಿನಿಂದ ಒಂದು ದನಿ ಕೇಳಿ, ಸೀಟಿನ ಬೆನ್ನು ಹಿಡಿದು ನಿಂತರು.

ಇರ್ಫಾನ್ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದ. ಎದುರಿಗೆ ಜುಬೈದಾ, ಕೌಶಿಕ್, ತನ್ವಿ. ಮೂರು ಪ್ರಾಣದ ಲೆಕ್ಕವನ್ನು ಅವನು ಕಿತ್ತುಹಾಕಿದ್ದ. ಮಕ್ಕಳು ಹೊಳೆಯ ದಡಕ್ಕೆ ಬಂದಿದ್ದರು. ದೋಣಿಯವಳ ದನಿಯಲ್ಲಿ ಇರ್ಫಾನ್, ದೋಣಿ ಹತ್ತಬೇಕಾದರೆ ಮೊದಲು ನಿಮ್ಮ ನಿಮ್ಮ ಮನೆಯ ಸುದ್ದಿ ಹೇಳಬೇಕು ಎಂದ. ಜುಬೈದಾ ತನ್ನ ಅಪ್ಪನ ಮೈಯೆಲ್ಲ ಮೆಣಸಿನ ವಾಸನೆ ಎಂದು ಹೇಳಿ ಹತ್ತಿದಳು. ಕೌಶಿಕ್ ಅಪ್ಪ ಅಮ್ಮನ ಜಗಳ ಹೇಳಿ ಹತ್ತಿದ. ಆಮೇಲೆ ತನ್ವಿಯ ಸರದಿ.

"ನಮ್ಮನಿಯಾಗ ಮೂರ ಮಂದಿ," ಎಂದಳು ತನ್ವಿ. "ಅಮ್ಮ ಭಾಳ ಚಂದ ಹಾಡ್ತಾಳ, ಆದ್ರ ಕುಳಿಮುರಿ ಒಳಗ ಮಾತ್ರ. ಬಾಗಿಲಾ ಅಡಚಿ ಹಾಡ್ತಾಳ. ಅಪ್ಪಗ ಕನ್ನಡ ಅಂದ್ರ ಜೀವ. ಅದಕ್ಕ ನಾ ಅವರ ಮುಂದ ಮಾತಾಡಂಗಿಲ್ಲ. ನಾ ಮಾತಾಡಿದ್ರ ಅದು ಕೆಡತೈತಿ. ಅವರಿಗೆ ಸಂಕಟ ಆಗತೈತಿ."

ದೋಣಿಯವಳು ದೋಣಿಯನ್ನು ದಡಕ್ಕೆ ಇನ್ನೂ ಹತ್ತಿರ ತಂದಳು. ಹತ್ತವಾ, ಹತ್ತು, ಎಂದಳು.

ಅಣ್ಣಪ್ಪನವರ ತಲೆ ರೂಢಿಯಂತೆ ಎಣಿಕೆ ಶುರು ಮಾಡಿತ್ತು. ಕುಳಿಮುರಿ ಅಲ್ಲ, ಬಚ್ಚಲಮನೆ, ಒಂದು. ಅಲ್ಲಿಗೆ ಎಣಿಕೆ ತಪ್ಪಿಹೋಯಿತು. ನಾಲ್ಕು ವರ್ಷದಿಂದ ಯಾರು ಯಾರ ಮೇಲೋ ಹೊರಿಸಿದ್ದ ತಪ್ಪು ಒಮ್ಮೆಲೇ ಅವರ ಹೆಗಲಿಗೆ ಬಂದು ಕೂತಿತು. ಮಗಳಿಗೆ ಕನ್ನಡ ಬೇಡವಾಗಿರಲಿಲ್ಲ. ಅಪ್ಪನ ಆಸ್ತಿ ಕೆಟ್ಟೀತೆಂದು ಆ ಮಗು ಅದನ್ನು ಮುಟ್ಟುತ್ತಿರಲಿಲ್ಲ. ಅವರಿಗೆ ಅಳು ಬಂತು, ಸುಳ್ಳು ಹೇಳಿ ಏನು ಪ್ರಯೋಜನ.

ಹೋಗಿ ಅವಳ ಎದುರಿನ ಖಾಲಿ ಸೀಟಿನಲ್ಲಿ ಕುಳಿತರು. ಮಕ್ಕಳು ತಟ್ಟನೆ ಫೋನು ಕೆಳಗಿಟ್ಟರು. ಇರ್ಫಾನ್ ಲ್ಯಾಪ್‌ಟಾಪನ್ನು ಅರ್ಧ ಮುಚ್ಚಿದ. ಮಗಳಿಗೆ ಏನಾದರೂ ಒಂದು ಮಾತು ಹೇಳಬೇಕೆಂದು ಅಣ್ಣಪ್ಪನವರು ಬಾಯಿ ತೆರೆದರು. ಅವರ ಕನ್ನಡವೆಲ್ಲ ಅಚ್ಚುಕಟ್ಟಾಗಿ ಒಳಗೇ ಇತ್ತು. ಆದರೆ ಬಾಯಿಗೆ ಬಂದ ಪ್ರತಿಯೊಂದು ವಾಕ್ಯವೂ ಯಾವುದೋ ಒಂದನ್ನು ತಿದ್ದುವ ವಾಕ್ಯವೇ ಆಗಿತ್ತು. ಒಂದೊಂದಾಗಿ ನುಂಗಿದರು.

ತನ್ವಿ ಅವರ ಮುಖ ನೋಡಿ ಹೆದರಿದಳು. "ಅಚ್ಛಾ, ವೆಳ್ಳಂ ವೇಣೋ?" ಅಪ್ಪಾ, ನೀರು ಬೇಕೇ ಎಂದು ಮಲಯಾಳಂನಲ್ಲಿ ಕೇಳಿದಳು.

ಅಣ್ಣಪ್ಪನವರು ಮಲಯಾಳಂನಲ್ಲೇ, ಹೌದು ಮಗಳೇ, ಸ್ವಲ್ಪ ನೀರು ಕೊಡು ಎಂದರು. ಹದಿನಾಲ್ಕು ವರ್ಷವಾದರೂ ಆ ಭಾಷೆ ಅವರ ನಾಲಿಗೆಗೆ ಒಗ್ಗಿರಲಿಲ್ಲ. ಹೇಳಿದ್ದು ಐದು ಶಬ್ದ, ಅದರಲ್ಲಿ ಮೂರು ತಪ್ಪಿದ್ದವು. ಪಕ್ಕದ ಸೀಟಿನ ಮಲಯಾಳಿ ಮುದುಕರೊಬ್ಬರು ನಗು ತಡೆದುಕೊಂಡು ಕಿಟಕಿಯ ಕಡೆ ತಿರುಗಿದರು. ತನ್ವಿ ನಗಲಿಲ್ಲ, ಒಂದನ್ನೂ ತಿದ್ದಲಿಲ್ಲ. ಚೀಲದಿಂದ ಬಾಟಲಿ ತೆಗೆದು, ಮುಚ್ಚಳ ತಿರುಗಿಸಿ, ಅಪ್ಪನ ಕೈಗೆ ಕೊಟ್ಟಳು.